‘ಲೇ ಆಫ್’: ತೆಗೆದಿಡುವುದೋ, ತೆಗೆದುಹಾಕುವುದೋ?

ಇಂಗ್ಲಿಷನ್ನು ವ್ಯಾಕರಣದ ಮುಖಾಂತರ ಕಲಿತ ಭಾರತೀಯನಿಗೆ ಆ ಭಾಷೆಯ ‘ಫ್ರೇಸಲ್ ವರ್ಬ್’ ಎಂಬ ವರ್ಗದಷ್ಟು ಕಾಡುವ ಸಂಗತಿ ಬೇರೊಂದಿಲ್ಲ. ಚಿಕ್ಕದೊಂದು ಕ್ರಿಯಾಪದ, ಅದರ ಬೆನ್ನಿಗೆ ಅದಕ್ಕಿಂತಲೂ ಚಿಕ್ಕದೊಂದು ಅವ್ಯಯ. ಎರಡೂ ಬಿಡಿಬಿಡಿಯಾಗಿ ಪರಿಚಿತವೇ ಆಗಿದ್ದರೂ ಕೂಡಿದೊಡನೆ ಅರ್ಥ ಬೇರೆಯೇ ಆಗಿಬಿಡುತ್ತದೆ. ಡಾ. ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಪರದೇಶೀಯರಿಗೆ ಇವು ಒಡ್ಡುವ ತೊಡಕನ್ನು ಎತ್ತಿ ಹೇಳಿದ್ದನು. ಈ ವರ್ಗಕ್ಕೆ ಇಂದು ಬಳಕೆಯಲ್ಲಿರುವ ಹೆಸರು ರೂಢಿಗೆ ಬಂದುದು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಾಲ್ ಸ್ಮಿತ್‌ನ ಗ್ರಂಥದಿಂದ. ಶಾಲೆಯಲ್ಲಿ ಇವನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದುಂಟು. ಆದರೆ ಅಂಥ ಪಟ್ಟಿಯನ್ನೆಂದೂ ಕಾಣದ, ಇಂಗ್ಲಿಷಿನ ಒಂದು ವಾಕ್ಯವನ್ನೂ ಓದಲಾರದ ಮನುಷ್ಯನೊಬ್ಬನ ಬದುಕಿನೊಳಕ್ಕೆ ಈ ವರ್ಗದ ಒಂದೇ ಒಂದು ಪದ ನುಗ್ಗಿ ಬಂದು ಅವನ ಒಲೆಯ ಬೆಂಕಿಯನ್ನೇ ನಿರ್ಧರಿಸುವ ಸಂದರ್ಭಗಳೂ ಇವೆ. ಪಿಂಪ್ರಿ-ಚಿಂಚವಾಡದ ಕನ್ನಡಿಗ ಕಾರ್ಮಿಕನ ಪಾಲಿಗೆ ‘ಲೇ ಆಫ್’ ಅಂಥದೊಂದು ಪದ.

ಪಿಂಪ್ರಿ-ಚಿಂಚವಾಡವನ್ನು ಪುಣೆಯ ಹೊರವಲಯವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಅದು ತನ್ನಷ್ಟಕ್ಕೆ ತಾನೇ ಒಂದು ನಗರ. 1970ರಲ್ಲಿ ನಗರಪಾಲಿಕೆಯಾಗಿ, 1982ರಲ್ಲಿ ಮಹಾನಗರಪಾಲಿಕೆಯಾಗಿ ರೂಪುಗೊಂಡ ಈ ಊರಿನ ಆಧುನಿಕ ಚರಿತ್ರೆ ಆರಂಭವಾಗುವುದು 1954ರಲ್ಲಿ, ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್ ಸಂಸ್ಥೆಯ ಸ್ಥಾಪನೆಯೊಂದಿಗೆ. (ಆ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಂ. ಜೆ. ತಿರುಮಲಾಚಾರ್ ಅವರು ಕಂಡುಹಿಡಿದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧದ ಮೂಲಜೀವಿಗೆ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’ ಎಂದು ಹೆಸರಿಡಲಾಯಿತು. ಲ್ಯಾಟಿನ್ನಿನ ಉಡುಪಿನಲ್ಲಿ ಪಿಂಪ್ರಿಯ ಹೆಸರು ಜೀವಶಾಸ್ತ್ರದ ಪುಟವನ್ನು ಸೇರಿದ್ದು ಹೀಗೆ.) ಅರುವತ್ತರ ದಶಕದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ಮಹಾಮಂಡಳದ ವಸಾಹತುಗಳು ಭೋಸರಿ, ಚಿಂಚವಾಡ, ಆಕುರ್ಡಿಗಳ ಸುತ್ತ ಹರಡಿಕೊಂಡವು. ಟೆಲ್ಕೊ ಬಂದಿತು, ಬಜಾಜ್ ಬಂದಿತು. ಅವುಗಳಿಗೆ ಬಿಡಿಭಾಗ ಒದಗಿಸುವ ನೂರಾರು ಸಣ್ಣ ಕಾರ್ಖಾನೆಗಳು ಹಿಂಬಾಲಿಸಿದವು. ಕೂಲಿ ಅರಸಿ ಬಂದವರಲ್ಲಿ ಗುಲಬರ್ಗಾ, ಬಿಜಾಪುರ, ಬೀದರ ಕಡೆಯವರೂ, ಅಕ್ಕಲಕೋಟೆ, ಜತ್ತಗಳ ಗಡಿನಾಡ ಕನ್ನಡಿಗರೂ ಇದ್ದರು. ಬೀದರ ಸೀಮೆಯಿಂದ ಈ ದಿಕ್ಕಿಗೆ ಜನ ಬರುವುದು ಹೊಸದಲ್ಲ. ಚಿಂಚವಾಡದ ಆರಾಧ್ಯ ಪುರುಷನಾದ ಮೋರಯಾ ಗೋಸಾವಿಯ ಪೂರ್ವಿಕರು ಸಹ ಅತ್ತಲಿಂದಲೇ ಬಂದವರೆಂಬ ಐತಿಹ್ಯವೊಂದುಂಟು.

ಈ ಜನರ ಕನ್ನಡದಲ್ಲಿ ಇಂಗ್ಲಿಷ್ ಫ್ರೇಸಲ್ ವರ್ಬುಗಳು ಧಾರಾಳವಾಗಿ ಸೇರಿಕೊಂಡಿವೆ. ಯಂತ್ರ ‘ಬ್ರೇಕ್‌ಡೌನ್’ ಆಗುತ್ತದೆ. ಲೇಥಿನ ಮೇಲೆ ಹೊಸ ಕೆಲಸಕ್ಕೆ ‘ಸೆಟಪ್’ ಮಾಡಬೇಕಾಗುತ್ತದೆ. ಪಾಳಿ ಮುಗಿದ ಮೇಲೆ ಮೋಟಾರು ‘ಸ್ವಿಚಾಫ್’ ಆಗುತ್ತದೆ. ಇವುಗಳಲ್ಲಿ ವಿಶೇಷವೇನೂ ಇಲ್ಲ. ವ್ಯಾಕರಣದ ದೃಷ್ಟಿಯಿಂದ ಗಮನಿಸತಕ್ಕ ಅಂಶವೆಂದರೆ, ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿದ್ದುದು ಕನ್ನಡದ ಹೊಸ್ತಿಲು ದಾಟುವಾಗ ಕ್ರಿಯಾಪದತ್ವವನ್ನು ಕಳಚಿಟ್ಟು ಬರುತ್ತದೆ ಎಂಬುದು. ಸಂಸ್ಕೃತದಿಂದ ಬಂದ ಶಬ್ದಗಳಿಗೆ ಕನ್ನಡವು ‘ಇಸು’ ಪ್ರತ್ಯಯವನ್ನು ಹಚ್ಚಿ ಭಾವಿಸು, ಸ್ಮರಿಸು ಎಂದು ತನ್ನ ಧಾತುಗಳನ್ನಾಗಿ ಮಾಡಿಕೊಂಡಿತು. ಇಂಗ್ಲಿಷಿನ ವಿಷಯದಲ್ಲಿ ಆ ಔದಾರ್ಯವನ್ನು ಅದು ಸಾಮಾನ್ಯವಾಗಿ ತೋರಿಸಲಿಲ್ಲ. ಬಂದ ಪದವನ್ನು ನಾಮಪದದಂತೆ ಕೂಡಿಸಿ, ಮುಂದೆ ತನ್ನದೇ ಆದ ಮಾಡು, ಆಗು, ಕೊಡು, ಹಾಕುಗಳಲ್ಲೊಂದನ್ನು ನಿಲ್ಲಿಸಿತು. ಕ್ರಿಯೆಯ ಭಾರವೆಲ್ಲ ಈ ಕನ್ನಡ ಧಾತುವಿನ ಮೇಲೆ ಬೀಳುತ್ತದೆ.

‘ಲೇ ಆಫ್’ ಪದದಲ್ಲಿ ಇದರ ಪರಿಣಾಮ ಕುತೂಹಲಕರವಾಗಿದೆ. ಇಂಗ್ಲಿಷಿನಲ್ಲಿ ಇದು ಬಹುಮಟ್ಟಿಗೆ ಕರ್ಮಣಿ ಪ್ರಯೋಗದಲ್ಲಿಯೇ ಬರುತ್ತದೆ. ಇಷ್ಟು ಜನರು ಲೇ ಆಫ್‌ಗೆ ಒಳಗಾದರು ಎಂಬ ಧಾಟಿಯ ವಾಕ್ಯದಲ್ಲಿ ಅದನ್ನು ಮಾಡಿದವನು ಯಾರೆಂದು ಹೇಳುವ ಅವಶ್ಯಕತೆಯೇ ಇಲ್ಲ. ಆಡುಗನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗದು. ಆದುದರಿಂದ ಕನ್ನಡ ಕಾರ್ಮಿಕನು ಪ್ರತಿ ಸಲವೂ ಒಂದು ಧಾತುವನ್ನು ಆರಿಸಿಕೊಳ್ಳಲೇಬೇಕು, ಆ ಆಯ್ಕೆಯಲ್ಲಿಯೇ ಅವನ ನಿಲುವು ಹೊರಬೀಳುತ್ತದೆ. ‘ಲೇಆಫ್ ಆಯ್ತು’ ಎಂದರೆ ಮಳೆ ಬಂದಂತೆ, ಬರ ಬಿದ್ದಂತೆ ಅದು ತಾನಾಗಿ ಒದಗಿತು. ದೂರಲು ಯಾರೂ ಇಲ್ಲ. ‘ಲೇಆಫ್ ಮಾಡಿದರು’ ಎಂದಾಗ ಕರ್ತೃವೊಬ್ಬನು ವಾಕ್ಯದೊಳಕ್ಕೆ ಬಂದು ನಿಲ್ಲುತ್ತಾನೆ. ‘ಲೇಆಫ್ ಕೊಟ್ಟರು’ ಎಂಬ ಮೂರನೆಯ ರೂಪವೂ ಇದೆ. ಮರಾಠಿಯ ‘ಲೇಆಫ್ ದಿಲಾ’ ಎಂಬುದರ ನೆರಳು ಅದರ ಮೇಲಿರುವುದು ಸ್ಪಷ್ಟ. ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಿಂದ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲತೊಡಗಿರುವುದನ್ನು ಗಂಪರ್ಝ್ ಮತ್ತು ವಿಲ್ಸನ್ 1971ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದ್ದಾರೆ. ಕುಪವಾಡದ ಹೊಲಗಳಲ್ಲಿ ನಡೆದ ಆ ಕ್ರಿಯೆಯೇ ಭೋಸರಿಯ ಶೆಡ್ಡುಗಳಲ್ಲಿ ಇನ್ನಷ್ಟು ವೇಗವಾಗಿ ನಡೆದಿದೆ ಎಂದರೆ ತಪ್ಪಾಗದು. ಇರಲಿ. ಕೂಲಿಯನ್ನು ಕಸಿಯುವ ಕ್ರಿಯೆಗೆ ‘ಕೊಡು’ ಎಂಬ ದಾನಾರ್ಥಕ ಧಾತು ಜೊತೆಯಾದುದರಲ್ಲಿ ಒಂದು ವಿಡಂಬನೆಯಿದೆ. ಅದನ್ನು ನುಡಿಯುವವರು ಉದ್ದೇಶಪೂರ್ವಕವಾಗಿ ಮಾಡಿದ ವಿಡಂಬನೆಯಲ್ಲ. ಇನ್ನು ‘ಲೇ’ ಎಂಬ ಮೊದಲ ಅಕ್ಷರವೋ, ಕನ್ನಡದಲ್ಲಿ ಮೇಲಿನವನು ಕೆಳಗಿನವನನ್ನು ಕರೆಯುವ ಸಂಬೋಧನೆ! ಈ ಸಾಮ್ಯ ಆಕಸ್ಮಿಕವೇ ಆದರೂ ಕಿವಿಗೆ ಅರ್ಥಪೂರ್ಣವಾಗಿ ಕೇಳಿಸುತ್ತದೆ.

ಅರ್ಥದ ಪ್ರಶ್ನೆಗೆ ಬರಬೇಕು. ಇಂಗ್ಲಿಷಿನಲ್ಲಿಯೇ ಈ ಪದಕ್ಕೆ ಹಲವು ಮುಖಗಳು. ‘ಅವನ ಗೊಡವೆ ಬಿಡು’ ಎಂದು ಗದರಿಸುವಾಗಲೂ, ಬಣ್ಣ ಬಳಿದ ಮೇಲೆ ಕುಂಚವನ್ನು ಕೊನೆಯ ಸಲ ಹಗುರಾಗಿ ಎಳೆಯುವುದನ್ನು ಸೂಚಿಸುವಾಗಲೂ ಇದೇ ಪದ ಬರುತ್ತದೆ. ಕೆಲಸಗಾರನನ್ನು ಕುರಿತ ಅರ್ಥ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ಬೇಡಿಕೆ ಕುಗ್ಗಿದ ಕಾಲದಲ್ಲಿ ಕಾರ್ಖಾನೆಯು ಆಳನ್ನು ಕೆಲವು ಕಾಲ ಬದಿಗಿಡುವುದು, ಬೇಡಿಕೆ ಮರಳಿದಾಗ ಅವನನ್ನೇ ಮರಳಿ ಕರೆಯುವುದು: ಇಷ್ಟೇ ಅದರ ಮೊದಲ ಭಾವ. ಕನ್ನಡದಲ್ಲಿ ಇದಕ್ಕೆ ಸರಿಸಮಾನವಾದ ರಚನೆಯನ್ನು ಹುಡುಕಲು ಸಂಸ್ಕೃತದ ಬಾಗಿಲಿಗೆ ಹೋಗಬೇಕಾಗಿಲ್ಲ. ಫ್ರೇಸಲ್ ವರ್ಬುಗಳು ಅವ್ಯಯದ ಬಲದಿಂದ ಸಾಧಿಸುವುದನ್ನು ಕನ್ನಡವು ಎರಡನೆಯ ಧಾತುವಿನ ಬಲದಿಂದ ಸಾಧಿಸುತ್ತದೆ. ‘ತೆಗೆ’ ಎಂಬ ಒಂದೇ ಧಾತುವನ್ನು ನೋಡಬಹುದು. ‘ತೆಗೆದುಕೊ’ ಎಂದರೆ ಸ್ವೀಕರಿಸು. ‘ತೆಗೆದಿಡು’ ಎಂದರೆ ಮುಂದಿನ ಬಳಕೆಗಾಗಿ ಬೇರೆಯಾಗಿ ಇಡು. ತಡವಾಗಿ ಬರುವ ಮಗನಿಗೆಂದು ತಾಯಿ ರೊಟ್ಟಿಯನ್ನು ತೆಗೆದಿಡುತ್ತಾಳೆ, ಬೀಜದ ಜೋಳವನ್ನು ರೈತನು ತೆಗೆದಿಡುತ್ತಾನೆ. ‘ತೆಗೆದುಹಾಕು’ ಎಂದರೆ ಮುಗಿಯಿತು, ಮರಳಿ ಬರುವ ಮಾತಿಲ್ಲ. ಮೊದಲಿನ ಧಾತು ಮೂರರಲ್ಲಿಯೂ ಒಂದೇ. ಬಾಳನ್ನು ಬದಲಿಸುವುದು ಎರಡನೆಯದು.

ಭಾರತದ ಕಾನೂನು ‘ಲೇ ಆಫ್’ ಪದವನ್ನು ಕೈಗೆತ್ತಿಕೊಂಡಾಗ ಅದಕ್ಕೆ ‘ತೆಗೆದಿಡು’ ಎಂಬ ಅರ್ಥವನ್ನೇ ಕೊಟ್ಟಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ, ಅಂದರೆ ಪಿಂಪ್ರಿಯ ಮೊದಲ ದೊಡ್ಡ ಕಾರ್ಖಾನೆ ಸ್ಥಾಪನೆಯಾದುದರ ಹಿಂದಿನ ವರ್ಷ, ಆದ ತಿದ್ದುಪಡಿಯು ಈ ಪದವನ್ನು ವ್ಯಾಖ್ಯಾನಿಸಿತು. ಕಲ್ಲಿದ್ದಲು, ವಿದ್ಯುತ್ತು ಅಥವಾ ಕಚ್ಚಾ ಮಾಲಿನ ಕೊರತೆ, ತಯಾರಾದ ಸರಕು ಮಾರಾಟವಾಗದೆ ಉಳಿದಿರುವುದು, ಯಂತ್ರ ಕೆಟ್ಟುಹೋಗುವುದು ಮುಂತಾದ ಕಾರಣಗಳಿಂದ ಹಾಜರಿ ಪುಸ್ತಕದಲ್ಲಿ ಹೆಸರಿರುವ, ಕಡಿತಗೊಂಡಿರದ ಕಾರ್ಮಿಕನಿಗೆ ಮಾಲೀಕನು ಕೆಲಸ ಕೊಡಲಾರದೆ ಹೋಗುವುದೇ, ಅಥವಾ ಕೊಡಲು ನಿರಾಕರಿಸುವುದೇ ಲೇ ಆಫ್. ವ್ಯಾಖ್ಯೆಗೆ ಸೇರಿಸಿದ ವಿವರಣೆಯಲ್ಲಿ ಒಂದು ಚಿತ್ರವೇ ಅಡಗಿದೆ. ಪಾಳಿಯ ಹೊತ್ತಿಗೆ ಸರಿಯಾಗಿ ಬಂದು ತನ್ನನ್ನು ಒಪ್ಪಿಸಿಕೊಂಡ ಕಾರ್ಮಿಕನಿಗೆ 2 ಗಂಟೆಗಳ ಒಳಗಾಗಿ ಕೆಲಸ ಸಿಗದಿದ್ದರೆ ಆ ದಿನದ ಮಟ್ಟಿಗೆ ಅವನು ಲೇ ಆಫ್ ಆದಂತೆ. ದ್ವಿತೀಯಾರ್ಧಕ್ಕೆ ಬಾ ಎಂದು ಹೇಳಿ ಕೆಲಸ ಕೊಟ್ಟರೆ ಅರ್ಧ ದಿನದ ಲೇ ಆಫ್. ಗೇಟಿನ ಬಳಿ ಬುತ್ತಿಯ ಡಬ್ಬಿ ಹಿಡಿದು ನಿಂತವನ ಆ ಎರಡು ಗಂಟೆಗಳ ಕಾಯುವಿಕೆ ಈ ಪದದ ಒಡಲಿನಲ್ಲಿದೆ. ಇಂಗ್ಲಿಷ್ ನಿಘಂಟುಗಳಲ್ಲಿ ಅದನ್ನು ಹುಡುಕಿದರೆ ಸಿಗದು.

ಪರಿಹಾರದ ನಿಯಮವೂ ಇದೇ ಭಾವವನ್ನು ಅನುಸರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷದ ನಿರಂತರ ಸೇವೆ ಸಲ್ಲಿಸಿದವನಿಗೆ, ಅವನು ಬದಲಿ ಕಾರ್ಮಿಕನಾಗಿರದಿದ್ದಲ್ಲಿ, ಮೂಲವೇತನ ಮತ್ತು ತುಟ್ಟಿಭತ್ಯೆಗಳ ಮೊತ್ತದ ಶೇಕಡಾ 50ರಷ್ಟು ಸಲ್ಲಬೇಕು. ಹಾಜರಿ ಪುಸ್ತಕವನ್ನು ಮಾಲೀಕನು ಇಟ್ಟಿರಲೇಬೇಕು. ಕಾರ್ಮಿಕನು ದಿನಕ್ಕೊಮ್ಮೆಯಾದರೂ ಬಂದು ಹಾಜರಿ ಹಾಕಲೇಬೇಕು, ಇಲ್ಲವಾದರೆ ಪರಿಹಾರವಿಲ್ಲ. ಅದೇ ಕಾರ್ಖಾನೆಯ ಇನ್ನೊಂದು ವಿಭಾಗದ ಮುಷ್ಕರದಿಂದ ಕೆಲಸ ನಿಂತಿದ್ದರೂ ಪರಿಹಾರವಿಲ್ಲ. ಇವೆಲ್ಲ ಕಟ್ಟುಪಾಡುಗಳೇ ನಿಜ. ಆದರೂ ಇವುಗಳ ಹಿಂದಿನ ಕಲ್ಪನೆ, ಸಂಬಂಧ ಕಡಿದಿಲ್ಲ ಎಂಬುದು. ಹೆಸರು ಪುಸ್ತಕದಲ್ಲಿಯೇ ಇದೆ, ಮನುಷ್ಯನನ್ನು ತೆಗೆದಿಡಲಾಗಿದೆ. ಸಂಬಂಧ ಕಡಿಯುವುದಕ್ಕೆ ಕಾನೂನು ಬೇರೆಯೇ ಪದವನ್ನು ಇಟ್ಟುಕೊಂಡಿತ್ತು: ರಿಟ್ರೆಂಚ್‌ಮೆಂಟ್, ಅಂದರೆ ಕಡಿತ. ಅಲ್ಲಿ ಲೆಕ್ಕವೂ ಬೇರೆ. ಪ್ರತಿಯೊಂದು ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ, ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ಕ್ರಮ, ಮುಂದೆ ಮತ್ತೆ ಆಳು ಬೇಕಾದಾಗ ಕಡಿತಗೊಂಡವನಿಗೆ ಆದ್ಯತೆ. ಮೂರನೆಯದು ‘ವಜಾ’. ಅದು ದುರ್ನಡತೆಗೆ ಶಿಕ್ಷೆ.

ಕನ್ನಡ ಪತ್ರಿಕೆಗಳ ಇಂದಿನ ರೂಢಿಯ ವಿರುದ್ಧ ಹೇಳಲೇಬೇಕಾದ ಮಾತು ಇಲ್ಲಿದೆ. ಯಾವುದೋ ಸಂಸ್ಥೆ ಸಾವಿರ ಜನರನ್ನು ಲೇ ಆಫ್ ಮಾಡಿತೆಂಬ ಸುದ್ದಿಗೆ ‘ಸಾವಿರ ನೌಕರರ ವಜಾ’ ಎಂಬ ತಲೆಬರಹ ಸಲೀಸಾಗಿ ಬೀಳುತ್ತದೆ. ತಲೆಬರಹಕ್ಕೆ ಎರಡಕ್ಷರದ ಪದ ಅನುಕೂಲ ನಿಜ. ಆದರೆ ಆ ಎರಡಕ್ಷರಗಳು ತಪ್ಪೇ ಮಾಡದವನ ಹಣೆಗೆ ತಪ್ಪಿತಸ್ಥನ ಪಟ್ಟಿ ಕಟ್ಟುತ್ತವೆ. ಊರಿನಲ್ಲಿ ಕನ್ನಡ ಪತ್ರಿಕೆ ಓದುವ ತಂದೆಯು ಮಗ ‘ವಜಾ’ ಆದನೆಂದು ತಿಳಿದರೆ ಕೇಳುವ ಮೊದಲ ಪ್ರಶ್ನೆ, ‘ಏನ್ ಮಾಡಿದ್ಯೋ?’ ಎಂದು. ಮಗ ಏನೂ ಮಾಡಿರುವುದಿಲ್ಲ. ಸರಕು ಗೋದಾಮಿನಲ್ಲಿ ಬಿದ್ದಿರುತ್ತದೆ, ಅಷ್ಟೆ. ಮರಾಠಿಯ ಸ್ಥಿತಿ ತುಸು ಮೇಲು. ಕಪಾತ್ ಎಂದರೆ ಕಡಿತ, ಟಾಳೇಬಂದಿ ಎಂದರೆ ಬೀಗಮುದ್ರೆ, ಎಂದು ಅಲ್ಲಿ ಪದಗಳು ತಕ್ಕಮಟ್ಟಿಗೆ ತಮ್ಮ ತಮ್ಮ ಸ್ಥಾನಗಳಲ್ಲಿ ನಿಂತಿವೆ. ‘ಘರೀ ಬಸವಲೆ’ ಎಂಬ ಆಡುಮಾತೂ ಇದೆ. ಇದರ ಸೋದರವಾದ ‘ಮನೆಯಲ್ಲಿ ಕೂಡಿಸಿದರು’ ಎಂಬ ಮಾತು ಕನ್ನಡಕ್ಕೂ ಸಹಜವಾದುದೇ. ‘ಮನೆಗೆ ಕಳಿಸಿದರು’ ಎಂಬುದಕ್ಕೂ ಇದಕ್ಕೂ ಇರುವ ಅಂತರವನ್ನು ಅಕ್ಷರ ಬಾರದವನೂ ಬಲ್ಲ. ಕೂತವನು ಏಳಬಹುದು.

ಹಾಗಾದರೆ ಪದ ಈಗೇಕೆ ಗೊಂದಲಕ್ಕೆ ಸಿಕ್ಕಿತು? ಅದರ ಅರ್ಥ ಅಮೆರಿಕದಲ್ಲಿಯೇ ಬದಲಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ಕಂಪನಿಗಳು ಮರಳಿ ಕರೆಯುವ ಉದ್ದೇಶವೇ ಇಲ್ಲದೆ ಜನರನ್ನು ಕಳಿಸಿದಾಗಲೂ ಹಳೆಯ ಮೆದುವಾದ ಪದವನ್ನೇ ಬಳಸತೊಡಗಿದವು. ತೆಗೆದುಹಾಕುವುದಕ್ಕೆ ತೆಗೆದಿಡುವುದರ ಹೆಸರು ಬಂದಿತು. ಈ ಹೊಸ ಅರ್ಥವು ಗಣಕೋದ್ಯಮದ ಜೊತೆಗೆ ಭಾರತಕ್ಕೆ ಬಂದು, ಪಿಂಪ್ರಿ-ಚಿಂಚವಾಡದ ಅಂಚಿನಲ್ಲಿರುವ ಹಿಂಜವಡಿಯ ಗಾಜಿನ ಕಟ್ಟಡಗಳಲ್ಲಿ ನೆಲೆಸಿತು. ಪರಿಣಾಮವಾಗಿ ಕೆಲವೇ ಮೈಲುಗಳ ಅಂತರದಲ್ಲಿ ಒಂದೇ ಪದಕ್ಕೆ ಎರಡು ಅರ್ಥಗಳು. ಆಕುರ್ಡಿಯ ನಿವೃತ್ತ ಫಿಟ್ಟರನಿಗೆ ಲೇಆಫ್ ಎಂದರೆ ಅರ್ಧ ಸಂಬಳದ ದಿನಗಳು. ವಾಕಡದ ಬಾಡಿಗೆ ಮನೆಯಲ್ಲಿರುವ ಅವನ ಮಗಳಿಗೆ ಲೇಆಫ್ ಎಂದರೆ ಸಂಜೆಯೊಳಗೆ ಗುರುತಿನ ಚೀಟಿ ಒಪ್ಪಿಸಿ ಹೊರಡುವುದು. ‘ಲೇಆಫ್ ಆಯ್ತಪ್ಪಾ’ ಎಂದು ಆಕೆ ಹೇಳಿದರೆ ‘ಎಷ್ಟು ದಿನ ಅವ್ವಾ?’ ಎಂದು ಅವನು ಕೇಳುವುದು ಸಹಜ. ಒಂದೇ ಮನೆಯೊಳಗೆ ಒಂದೇ ಪದ ಎರಡು ಭಾಷೆಗಳಾಗಿ ಒಡೆದಿದೆ.

ಗಣಕೋದ್ಯಮವು ಇನ್ನೊಂದು ನುಡಿಗಟ್ಟನ್ನೂ ಕನ್ನಡಕ್ಕೆ ಕೊಟ್ಟಿದೆ: ‘ಪೇಪರ್ ಹಾಕು’. ರಾಜೀನಾಮೆ ಸಲ್ಲಿಸುವುದಕ್ಕೆ ಭಾರತೀಯ ಇಂಗ್ಲಿಷಿನಲ್ಲಿರುವ ಫ್ರೇಸಲ್ ವರ್ಬಿನ ಕನ್ನಡ ಅವತಾರವಿದು. ಕಳಿಸಬೇಕೆಂದು ನಿರ್ಧರಿಸಿದ ನೌಕರನಿಂದಲೇ ರಾಜೀನಾಮೆ ಪಡೆಯುವ ಪದ್ಧತಿ ಆ ಉದ್ಯಮದಲ್ಲಿ ಅಪರಿಚಿತವಲ್ಲ. ಆಗ ವಾಕ್ಯದ ಕರ್ತೃಸ್ಥಾನದಲ್ಲಿ ನಿಲ್ಲುವವನು ಸ್ವತಃ ನೌಕರ: ‘ಅವನು ಪೇಪರ್ ಹಾಕಿದ’. ‘ಕೆಲಸ ಬಿಡಿಸಿದರು’ ಎಂಬ ಪ್ರೇರಣಾರ್ಥಕವನ್ನು ‘ಕೆಲಸ ಬಿಟ್ಟ’ ಎಂಬ ಸರಳ ರೂಪಕ್ಕೆ ಇಳಿಸಿದಂತಾಯಿತು. ಸ್ವಇಚ್ಛೆಯ ರಾಜೀನಾಮೆಯು ಕಡಿತದ ವ್ಯಾಖ್ಯೆಯೊಳಗೆ ಬಾರದು. ಆದಕಾರಣ ಕಡಿತದ ಪರಿಹಾರವೂ ಇಲ್ಲ. ಒಂದು ಪ್ರೇರಣಾ ಪ್ರತ್ಯಯ ಬಿದ್ದುಹೋದುದರ ಬೆಲೆಯನ್ನು ಇಲ್ಲಿ ರೂಪಾಯಿಗಳಲ್ಲಿಯೇ ಎಣಿಸಬಹುದು.

ಕಾರ್ಖಾನೆಗಳ ಕಡೆಯೂ ಪದ ಸ್ಥಿರವಾಗಿ ಉಳಿದಿಲ್ಲ. 2019ರಲ್ಲಿ ವಾಹನೋದ್ಯಮಕ್ಕೆ ಹಿಂಜರಿತ ಬಂದಾಗ ಈ ಭಾಗದಲ್ಲಿ ಹೆಚ್ಚಾಗಿ ಕೇಳಿಬಂದ ಪದ ಲೇ ಆಫ್ ಅಲ್ಲ, ‘ಬ್ಲಾಕ್ ಕ್ಲೋಷರ್’. ಕೆಲವು ದಿನಗಳ ಮಟ್ಟಿಗೆ ಇಡೀ ವಿಭಾಗಕ್ಕೆ ರಜೆ. ಹೊಸ ಹೆಸರು ಬಂದಾಗ ಹಳೆಯ ಹೆಸರಿನೊಡನೆ ಅಂಟಿಕೊಂಡಿದ್ದ ಹಕ್ಕುಗಳು ಹಿಂಬಾಲಿಸಿ ಬರುತ್ತವೆಯೇ ಎಂಬುದನ್ನು ಪ್ರತಿ ಸಲವೂ ಕೇಳಿ ತಿಳಿಯಬೇಕಾಗುತ್ತದೆ. 1947ರ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ನಿಂತಿದೆ; 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿತು. ಲೇ ಆಫ್‌ನ ವ್ಯಾಖ್ಯೆಯೂ ಅರ್ಧ ವೇತನದ ನಿಯಮವೂ ಬಹುಮಟ್ಟಿಗೆ ಹಾಗೆಯೇ ಉಳಿದುಕೊಂಡಿವೆ. ಆದರೆ ದೊಡ್ಡ ಕಾರ್ಖಾನೆಗಳು ಲೇ ಆಫ್‌ಗೆ ಮುಂಚೆ ಸರಕಾರದ ಅನುಮತಿ ಪಡೆಯಬೇಕೆಂಬ ನಿಯಮದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಲಾಗಿದೆ. 1976ರಲ್ಲಿ ಈ ನಿಯಮ ಮೊದಲು ಬಂದಾಗ ಮಿತಿ 300ರಷ್ಟೇ ಇದ್ದು, ಎಂಬತ್ತರ ದಶಕದಲ್ಲಿ ಅದನ್ನು 100ಕ್ಕೆ ಇಳಿಸಲಾಗಿತ್ತು. ಚಕ್ರ ಒಂದು ಸುತ್ತು ತಿರುಗಿದೆ.

ಇಷ್ಟಕ್ಕೂ ಈ ಪದದ ನೆರಳಿಗೇ ಬಾರದವರು ಅನೇಕರು. ಭೋಸರಿಯ ಸಣ್ಣ ಶೆಡ್ಡುಗಳಲ್ಲಿ 50 ಜನರ ಸಂಖ್ಯೆಯನ್ನು ಮುಟ್ಟದವು ಎಷ್ಟೋ. ಗುತ್ತಿಗೆದಾರನ ಮೂಲಕ ಬಂದವನ ಹೆಸರು ದೊಡ್ಡ ಕಂಪನಿಯ ಹಾಜರಿ ಪುಸ್ತಕದಲ್ಲಿ ಇರುವುದೇ ಇಲ್ಲ. ಇವರ ಪಾಲಿಗೆ ಇಂಗ್ಲಿಷೂ ಬೇಕಿಲ್ಲ, ಕಾನೂನೂ ಬೇಕಿಲ್ಲ. ‘ನಾಳಿಂದ ಬರಬ್ಯಾಡ’ ಎಂಬ ಎರಡು ಪದಗಳ ಅಚ್ಚಗನ್ನಡದಲ್ಲಿಯೋ, ಅದರ ಮರಾಠಿ ರೂಪದಲ್ಲಿಯೋ ವ್ಯವಹಾರ ಮುಗಿದುಹೋಗುತ್ತದೆ. ಅಚ್ಚಗನ್ನಡದ ಸರಳತೆಯನ್ನು ಕೊಂಡಾಡುವವರು ಈ ವಾಕ್ಯವನ್ನೂ ಒಮ್ಮೆ ನೆನೆಯುವುದೊಳ್ಳೆಯದು. ಅನ್ಯಭಾಷೆಯ ಪದವೆಂಬ ಒಂದೇ ಕಾರಣಕ್ಕೆ ‘ಲೇ ಆಫ್’ ಎಂಬುದನ್ನು ಕೈಬಿಡುವುದು ಜಾಣತನವಲ್ಲವೆಂಬುದೂ ಇಲ್ಲಿಯೇ ತಿಳಿಯುತ್ತದೆ. ಆ ಪದದೊಳಗೆ ಅರ್ಧ ಸಂಬಳವಿದೆ, ಹಾಜರಿ ಪುಸ್ತಕವಿದೆ. ಅದಕ್ಕೆ ‘ಕಾರ್ಯವಿರತಿ’, ‘ಉದ್ಯೋಗಸ್ಥಗನ’ ಎಂಬಂಥ ಹೊಸ ಸಮಾಸಗಳನ್ನು ಟಂಕಿಸಿದರೆ ಪಂಡಿತರಿಗೆ ತೃಪ್ತಿಯಾದೀತು, ಕಾರ್ಮಿಕನಿಗೆ ಅದು ಎರಡನೆಯ ಪರಭಾಷೆಯಾದೀತು. ಪದ ಹಾಗೆಯೇ ಇರಲಿ. ಅರ್ಥವನ್ನು ಮಾತ್ರ ಕಾಯಬೇಕು. ತೆಗೆದಿಟ್ಟಲ್ಲಿ ಮಾತ್ರ ‘ಲೇಆಫ್’. ತೆಗೆದುಹಾಕಿದಲ್ಲಿ, ಕಂಪನಿ ಏನೆಂದೇ ಕರೆದುಕೊಳ್ಳಲಿ, ‘ಕಡಿತ’. ವಿಚಾರಣೆ ನಡೆಸಿ ದುರ್ನಡತೆಗಾಗಿ ತೆಗೆದಲ್ಲಿ ಮಾತ್ರ ‘ವಜಾ’. ಕನ್ನಡ ಪತ್ರಿಕೆಗಳೂ ಅನುವಾದಕರೂ ಇಷ್ಟನ್ನು ಪಾಲಿಸುವುದು ಕಷ್ಟವಾಗಲಾರದು.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸವೂ ಒಂದಿದೆ. 1946ರ ಸ್ಥಾಯೀ ಆದೇಶಗಳ ಕಾಯ್ದೆಯು ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ, ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರವೇಶದ್ವಾರದ ಬಳಿಯ ಫಲಕದಲ್ಲಿ ಪ್ರಕಟಿಸಬೇಕೆಂದು ವಿಧಿಸಿತ್ತು. ಪಿಂಪ್ರಿ-ಚಿಂಚವಾಡದಲ್ಲಿ ಬಹುಸಂಖ್ಯಾತರ ಭಾಷೆ ಮರಾಠಿ. ಅದು ಸರಿಯಾದುದೇ, ತಕರಾರಿಗೆ ಅಲ್ಲಿ ಎಡೆಯಿಲ್ಲ. ಆದರೆ ಆಳಂದದಿಂದಲೋ ಇಂಡಿಯಿಂದಲೋ ನಿನ್ನೆ ಮೊನ್ನೆ ಬಂದವನಿಗೆ ಆ ಫಲಕ ಗೋಡೆಯ ಭಾಗವೇ ಆಗಿ ಉಳಿಯುತ್ತದೆ. ಗಡಿನಾಡಿನ ಆಡುಮಾತಿನಲ್ಲಿ, ಹತ್ತಿಪ್ಪತ್ತು ಪುಟಗಳಲ್ಲಿ, ಲೇಆಫ್, ಕಡಿತ, ವಜಾ, ಬೀಗಮುದ್ರೆ, ಬದಲಿ, ಹಾಜರಿ ಪುಸ್ತಕ, ರಾಜೀನಾಮೆ ಎಂಬ ಪದಗಳನ್ನು ಉದಾಹರಣೆಗಳೊಡನೆ ಬಿಡಿಸಿ ಹೇಳುವ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸಲು ಮಹಾಪ್ರಬಂಧದ ಶ್ರಮವೇನೂ ಬೇಕಾಗಿಲ್ಲ. ಲೇಆಫ್ ಎಂಬ ಪದದ ಕೆಳಗೆ ಮೊದಲ ಸಾಲಾಗಿ ಬರೆಯತಕ್ಕದ್ದು: ಕೆಲಸ ಇಲ್ಲವೆಂದು ಹೇಳಿದರೂ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಿ ಹಾಜರಿ ಹಾಕಬೇಕು, ಹಾಕದೆ ಹಿಂದಿರುಗಬಾರದು.